ಏಳು ವರ್ಷದ ಮಗಳು ಶಾಲೆಯಿಂದ ದಿನಾ ಚಡ್ಡಿ ಒದ್ದೆ ಮಾಡಿಕೊಂಡು ಬರುತ್ತಾಳೆ, ಯಾರಿಗೆ ತೋರಿಸಲಿ?

ಹಾಸನದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮೂರು ವರ್ಷಕ್ಕೇ ಡೈಪರ್ ಬಿಟ್ಟವಳು. ರಾತ್ರಿ ಹಾಸಿಗೆ ಒದ್ದೆ ಮಾಡುವುದಿಲ್ಲ. ಈ ಜೂನ್‌ನಲ್ಲಿ ಶಾಲೆ ಬದಲಾಯಿಸಿದೆವು. ಆವಾಗಿನಿಂದ ಸಂಜೆ ಬಂದಾಗ ಚಡ್ಡಿ ಒದ್ದೆ. ಪೂರ್ತಿ ಹೊಯ್ದುಕೊಂಡಿರುವುದಿಲ್ಲ, ಸ್ವಲ್ಪ ಸ್ವಲ್ಪ ಸೋರಿರುತ್ತದೆ, ಯೂನಿಫಾರಂ ವಾಸನೆ ಬರುತ್ತದೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಆಟ ಆಡುವಾಗ ಕಾಲು ಹೆಣೆದುಕೊಂಡು ನಿಲ್ಲುತ್ತಾಳೆ, ಒಂದೊಂದು ಸಲ ಹಿಮ್ಮಡಿ ಮೇಲೆ ಒತ್ತಿ ಕುಕ್ಕರಿಸುತ್ತಾಳೆ, ಆಮೇಲೆ ಒಂದೇ ಓಟ ಬಚ್ಚಲಿಗೆ. ಎರಡು ಸಲ ಉರಿ ಮೂತ್ರ ಅಂತ ಡಾಕ್ಟರ್ ಸಿರಪ್ ಕೊಟ್ಟರು. ಕಮ್ಮಿಯಾಯಿತು, ಮತ್ತೆ ಬಂತು.

ನಿನ್ನೆ ಟೀಚರ್ ಡೈರಿಯಲ್ಲಿ "ಮಗುವಿಗೆ ಟಾಯ್ಲೆಟ್ ಅಭ್ಯಾಸ ಕಲಿಸಿ ಕಳಿಸಿ" ಅಂತ ಬರೆದು ಕಳಿಸಿದ್ದಾರೆ. ಓದಿ ಅಳು ಬಂತು. ಅತ್ತೆ ಎರಡು ಬಿಗಿ ಅನ್ನುತ್ತಾರೆ. ನನಗೆ ಅವಳು ಬೇಕಂತ ಮಾಡುತ್ತಾಳೆ ಅನ್ನಿಸುವುದಿಲ್ಲ. ಮೂತ್ರಕೋಶದಲ್ಲೇ ಏನಾದರೂ ತೊಂದರೆ ಇರಬಹುದಾ? ಮಕ್ಕಳ ಡಾಕ್ಟರೇ ಸಾಕಾ, ಬೆಂಗಳೂರಿಗೆ ಹೋಗಬೇಕಾ?

ಕಡೂರು ಕಾಕ
ನೀರು ಕಮ್ಮಿ ಕುಡಿಸಿ ಕಳಿಸಿ. ಸರಿ ಹೋಗುತ್ತೆ.

ವಾರ್ಡ್ ಸಿಸ್ಟರ್
ದಯವಿಟ್ಟು ನೀರು ಕಮ್ಮಿ ಮಾಡಬೇಡಿ. ಅದೇ ದೊಡ್ಡ ತಪ್ಪು. ನೀರು ಕಮ್ಮಿಯಾದರೆ ಮೂತ್ರ ಗಟ್ಟಿಯಾಗಿ ಉರಿ ಜಾಸ್ತಿಯಾಗುತ್ತದೆ, ಸೋಂಕು ಮತ್ತೆ ಬರುತ್ತದೆ, ಹೊಟ್ಟೆಯೂ ಕಟ್ಟುತ್ತದೆ.

ಹಾಸನದ ಅಮ್ಮ, ಎರಡು ವಿಷಯ ಹೇಳಿ. ಶಾಲೆಯಲ್ಲಿ ಅವಳು ಎಷ್ಟು ಸಲ ಒಂದಕ್ಕೆ ಹೋಗುತ್ತಾಳೆ? ಎರಡಕ್ಕೆ ದಿನಾ ಹೋಗುತ್ತಾಳಾ, ಗಟ್ಟಿಯಾಗಿರುತ್ತದಾ? ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಹಿಮ್ಮಡಿ ಮೇಲೆ ಕೂರುತ್ತಾಳೆ ಅಂದಿರಲ್ಲ, ಅದು ಮಗು ಕಟ್ಟಿ ಹಿಡಿದುಕೊಳ್ಳುವ ಲಕ್ಷಣ. ಸೋರದೇ ಇರಲಿ ಅಂತ ಹಿಮ್ಮಡಿಯಿಂದ ಒತ್ತಿ ಹಿಡಿಯುವುದು.

ಗೌಡರಮನೆ ಅಜ್ಜ
ನಮ್ಮ ಕಾಲದಲ್ಲಿ ಇದೆಲ್ಲ ಕಾಯಿಲೆಯೇ ಆಗಿರಲಿಲ್ಲ. ಮನೆಗೆ ಏಳೆಂಟು ಮಕ್ಕಳು, ಯಾರು ಡಾಕ್ಟರ ಹತ್ತಿರ ಹೋಗುತ್ತಿದ್ದರು? ಒಂದು ಸಲ ಗದರಿದರೆ ಬುದ್ಧಿ ಬರುತ್ತಿತ್ತು. ಈಗಿನವರು ಮಕ್ಕಳಿಗೆ ಸದರ ಕೊಟ್ಟಿದ್ದೀರಿ.

ಶಿರಸಿ ಹುಡುಗಿ
ಅಜ್ಜ, ನಿಮ್ಮ ಕಾಲದಲ್ಲಿ ಮಕ್ಕಳು ಬಯಲಲ್ಲಿ ಬೇಕಾದಾಗ ಹೋಗುತ್ತಿದ್ದರು. ಈಗ ಮಿಸ್ ಹತ್ತಿರ ಕೈ ಎತ್ತಿ ಕೇಳಬೇಕು, ಅವರು ಬಿಡಬೇಕು, ಟಾಯ್ಲೆಟ್ ತೆರೆದಿರಬೇಕು. ಕಟ್ಟಿಕೊಂಡು ಕೂತ ಮಗುವನ್ನು ಗದರಿದರೆ ಇನ್ನೂ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಅಷ್ಟೇ.

ಹಾಸನದ ಅಮ್ಮ
ಸಿಸ್ಟರ್, ನೀವು ಕೇಳಿದ ಮೇಲೆ ರಾತ್ರಿ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮೆಲ್ಲಗೆ ಕೇಳಿದೆ. ಶಾಲೆಯಲ್ಲಿ ಒಂದು ಸಲವೂ ಹೋಗುವುದಿಲ್ಲವಂತೆ! ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿದರೆ ಸಂಜೆ ನಾಲ್ಕಕ್ಕೆ ಮನೆ. ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ದೊಡ್ಡ ಹುಡುಗಿಯರು ನೂಕುತ್ತಾರೆ, ನೀರು ಬರಲ್ಲ, ವಾಸನೆ ಅಂದಳು. ನೀರಿನ ಬಾಟ್ಲಿ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು, ಯಾಕೆ ಅಂತ ಈಗ ಗೊತ್ತಾಯಿತು.

ಎರಡಕ್ಕೆ ಮೂರು ದಿನಕ್ಕೊಂದು ಸಲ. ಗಟ್ಟಿ, ಅಳುತ್ತಾಳೆ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ವಾರ್ಡ್ ಸಿಸ್ಟರ್
ತುಂಬಾ ಸಂಬಂಧ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೂತ್ರಕೋಶದ ಹಿಂದೆಯೇ ದೊಡ್ಡ ಕರುಳಿನ ಕೊನೆಯ ಭಾಗ ಇರುತ್ತದೆ. ಜಾಗ ಚಿಕ್ಕದು. ಕರುಳಿನಲ್ಲಿ ಗಟ್ಟಿ ಮಲ ತುಂಬಿಕೊಂಡರೆ, ರಶ್ ಇರುವ ಬಸ್ಸಿನ ಸೀಟಿನಲ್ಲಿ ಪಕ್ಕದವರು ಒತ್ತಿಕೊಂಡು ಕೂತ ಹಾಗೆ, ಮೂತ್ರಕೋಶಕ್ಕೆ ಹಿಗ್ಗಲು ಜಾಗ ಸಿಗುವುದಿಲ್ಲ. ಪೂರ್ತಿ ತುಂಬುವ ಮೊದಲೇ ಹಿಂಡಲು ಶುರು ಮಾಡುತ್ತದೆ. ಮಗುವಿಗೆ ಇದ್ದಕ್ಕಿದ್ದಂತೆ ಅವಸರ. ಇನ್ನೊಂದು ಕಡೆ, ಪೂರ್ತಿ ಖಾಲಿ ಮಾಡಲೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತದೆ. ನಿಮ್ಮ ಮಗಳಿಗೆ ಉರಿ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಇದೇ ಕಾರಣ ಇರಬಹುದು.

ಕಟ್ಟಿ ಹಿಡಿಯುವ ಅಭ್ಯಾಸ ಇದಕ್ಕೆ ಸೇರಿಕೊಂಡರೆ ಇನ್ನೂ ಕಷ್ಟ. ದಿನವೆಲ್ಲ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದ ಮಗುವಿಗೆ, ಕೂತಾಗಲೂ ಅದನ್ನು ಸಡಿಲ ಬಿಡುವುದು ಮರೆತೇ ಹೋಗುತ್ತದೆ. ಸ್ವಲ್ಪ ಹೊಯ್ದು ಎದ್ದು ಬರುತ್ತದೆ. ಐದು ನಿಮಿಷಕ್ಕೆ ಚಡ್ಡಿ ಒದ್ದೆ.

ಒಂದು ಲೆಕ್ಕ ಇಟ್ಟುಕೊಳ್ಳಿ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಸುಮಾರು ಎಷ್ಟು ಮಿಲಿ ಹಿಡಿಯುತ್ತದೆ ಅಂತ ಸಿಗುತ್ತದೆ. ಏಳು ವರ್ಷಕ್ಕೆ 240 ಮಿಲಿ, ಒಂದು ದೊಡ್ಡ ಲೋಟದಷ್ಟು. ಎಂಟೂವರೆ ಗಂಟೆ ಅದರಲ್ಲಿ ಹೇಗೆ ಹಿಡಿಯುತ್ತೆ ಹೇಳಿ. ಈ ವಯಸ್ಸಿನ ಮಗು ದಿನಕ್ಕೆ 4ರಿಂದ 7 ಸಲ ಒಂದಕ್ಕೆ ಹೋಗಬೇಕು. ಮೂರು ಅಥವಾ ಅದಕ್ಕಿಂತ ಕಮ್ಮಿ ಅಂದರೆ ಕಟ್ಟುತ್ತಿದೆ ಅಂತ ಅರ್ಥ.

ಈಗ ಮಾಡಬೇಕಾದ್ದು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಹಾಸನದಲ್ಲೇ ಆಗುತ್ತದೆ. ಹೋಗುವ ಮುಂಚೆ ಎರಡು ರಜಾ ದಿನ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಹೋದಳು, ಅಳತೆ ಜಗ್ಗಿನಲ್ಲಿ ಎಷ್ಟು ಬಂತು, ಎಷ್ಟು ನೀರು ಕುಡಿದಳು, ಯಾವಾಗ ಒದ್ದೆಯಾಯಿತು, ಎರಡಕ್ಕೆ ಹೋದಳಾ. ಆ ಪುಸ್ತಕ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ. ಹೊಟ್ಟೆ ಕಟ್ಟಿದ್ದಕ್ಕೆ ಅವರು ಪುಡಿಯನ್ನೋ ಸಿರಪ್ಪನ್ನೋ ಕೊಡುತ್ತಾರೆ. ಎರಡು ದಿನ ಸಲೀಸಾಯಿತು ಅಂತ ನೀವೇ ನಿಲ್ಲಿಸಬೇಡಿ. ಹಿಗ್ಗಿದ ಕರುಳು ಮೊದಲಿನ ಹಾಗೆ ಆಗಲು ತಿಂಗಳುಗಟ್ಟಲೆ ಬೇಕು.

ಮನೆಯಲ್ಲಿ ಎರಡು ಗಂಟೆಗೊಮ್ಮೆ ಕೂರಿಸಿ. "ಬರ್ತಿದೆಯಾ?" ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳುತ್ತಾಳೆ. "ಟೈಮಾಯ್ತು, ಹೋಗೋಣ" ಅನ್ನಿ. ಅವಸರ ಮಾಡಿಸಬೇಡಿ. ಎದ್ದ ಮೇಲೆ ಇನ್ನೊಂದು ಸಲ ಕೂರಿಸಿ, ಉಳಿದದ್ದು ಬರುತ್ತದೆ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ.

ದಾವಣಗೆರೆ ಬೆಣ್ಣೆ
ಕಮೋಡಾ, ಇಂಡಿಯನ್ನಾ? ನಮ್ಮ ಮನೆಯಲ್ಲಿ ಇದೇ ಜಗಳ.

ವಾರ್ಡ್ ಸಿಸ್ಟರ್
ಎರಡೂ ಸರಿ. ಕಮೋಡ್ ಆದರೆ ಕಾಲು ನೇತಾಡಬಾರದು. ನೇತಾಡಿದರೆ ಬೀಳುತ್ತೇನೆ ಅಂತ ಮಗು ಮೈ ಬಿಗಿ ಹಿಡಿಯುತ್ತದೆ, ಸ್ನಾಯು ಸಡಿಲ ಆಗಲ್ಲ. ಕಾಲ ಕೆಳಗೆ ಒಂದು ಮಣೆ ಇಡಿ. ಚಡ್ಡಿ ಮಂಡಿಯಿಂದ ಕೆಳಗೆ ಇಳಿಸಿ, ಕಾಲು ಅಗಲ ಮಾಡಿ, ಸ್ವಲ್ಪ ಮುಂದೆ ಬಾಗಿ ಕೂರಲಿ.

ಚಿಕ್ಕಮಗಳೂರು ಕಾಫಿ
ಇಂಡಿಯನ್ ಆದರೆ ಎರಡಕ್ಕೆ ಸಲೀಸು, ನನ್ನ ಓಟು ಅದಕ್ಕೇ. ಅಂದಹಾಗೆ ಮಕ್ಕಳಿಗೆ ಕಾಫಿ ಟೀ ಕೊಡುವುದು ನಿಲ್ಲಿಸಿ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಲೋಟ ಕೊಡುತ್ತಾರೆ. ಕಾಫಿ, ಟೀ, ಕೋಲಾ ಮೂರರಲ್ಲೂ ಕೆಫೀನ್ ಇದೆ, ಮೂತ್ರಕೋಶವನ್ನು ಕೆಣಕುತ್ತದೆ.

ಮೈಸೂರಿನ ಅಪ್ಪ
ನಮ್ಮ ಅನುಭವ ಬೇರೆ, ಹೇಳುತ್ತೇನೆ. ಮಗನಿಗೆ ಎಂಟು ತಿಂಗಳಿದ್ದಾಗ ಜ್ವರ ಬಂತು. ನೆಗಡಿ ಇಲ್ಲ, ಕೆಮ್ಮಿಲ್ಲ, ಹಾಲು ಬೇಡ, ವಾಂತಿ. ಮೊದಲು ತೋರಿಸಿದ ಕಡೆ ಹಲ್ಲು ಬರುವ ಜ್ವರ ಅಂದರು. ಎರಡನೇ ಡಾಕ್ಟರ್ ಮೂತ್ರದ ಕಲ್ಚರ್ ಮಾಡಿಸಿ ಅಂದರು, ಅಂದರೆ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತದಾ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆ. ಸೋಂಕು ಸಿಕ್ಕಿತು. ಸ್ಕ್ಯಾನಿಂಗ್‌ನಲ್ಲಿ ಒಂದು ಕಿಡ್ನಿ ಊದಿತ್ತು. ಆಮೇಲೆ ಎಂಸಿಯು ಅನ್ನುವ ಟೆಸ್ಟ್. ಮೂತ್ರಕೋಶಕ್ಕೆ ಸಣ್ಣ ನಳಿಕೆ ಹಾಕಿ, ಡೈ ತುಂಬಿ, ಮಗು ಹೊಯ್ಯುವಾಗ ಎಕ್ಸ್‌ರೇ ತೆಗೆಯುತ್ತಾರೆ. ನೋಡಲು ಹೊಟ್ಟೆ ಉರಿಯುತ್ತದೆ. ಮೂತ್ರ ಕೆಳಗೆ ಹೋಗುವ ಬದಲು ಕಿಡ್ನಿಗೆ ವಾಪಸ್ ಏರುತ್ತಿತ್ತು. ರಿಫ್ಲಕ್ಸ್ ಅನ್ನುತ್ತಾರೆ, ಒಂದರಿಂದ ಐದರವರೆಗೆ ಗ್ರೇಡ್ ಇದೆ. ನಮ್ಮದು ಮೂರು. ಡಿಎಂಎಸ್‌ಎ ಸ್ಕ್ಯಾನ್ ಮಾಡಿ ಕಿಡ್ನಿಯಲ್ಲಿ ಕಲೆ ಬಿದ್ದಿದೆಯಾ ನೋಡಿದರು. ಸಣ್ಣದೊಂದು ಕಲೆ ಇತ್ತು.

ದಿನಾ ರಾತ್ರಿ ಕಮ್ಮಿ ಡೋಸಿನ ಔಷಧಿ ಕೊಟ್ಟೆವು. ಬೆಳೀತಾ ಬೆಳೀತಾ ತಾನೇ ಸರಿ ಹೋಯಿತು, ಆಪರೇಷನ್ ಬೇಕಾಗಲಿಲ್ಲ. ಬಿಪಿ ಮಾತ್ರ ವರ್ಷಕ್ಕೊಮ್ಮೆ ನೋಡಿಸುತ್ತೇವೆ. ಕಾರಣ ಗೊತ್ತಾಗದ ಜ್ವರ ಚಿಕ್ಕ ಮಗುವಿಗೆ ಬಂದರೆ ಮೂತ್ರ ಪರೀಕ್ಷೆ ಕೇಳಿ ಮಾಡಿಸಿ, ಅದೂ ಆಂಟಿಬಯಾಟಿಕ್ ಶುರು ಮಾಡುವ ಮುಂಚೆ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

ಬಳ್ಳಾರಿ ಬಿಸಿಲು
ಇದೆಲ್ಲ ದುಡ್ಡು ಮಾಡುವ ದಂಧೆ ಸರ್. ಒಂದು ಉರಿಗೆ ನಾಲ್ಕು ಸ್ಕ್ಯಾನು. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಸಾಕು.

ಮೈಸೂರಿನ ಅಪ್ಪ
ಎಂಟು ತಿಂಗಳ ಮಗುವಿನ ಕಿಡ್ನಿ ಜೀರಿಗೆ ಕಷಾಯದಿಂದ ಉಳಿಯುತ್ತಿರಲಿಲ್ಲ ಸರ್. ಎಲ್ಲ ಮಕ್ಕಳಿಗೂ ಎಂಸಿಯು ಬೇಕು ಅಂತ ನಾನು ಹೇಳಿಲ್ಲ. ಏಳು ವರ್ಷದ ಮಗು, ಜ್ವರ ಇಲ್ಲ, ಬರೀ ಉರಿ ಅಂದರೆ ಅದರ ಅಗತ್ಯವೇ ಬರದೇ ಇರಬಹುದು. ಡಾಕ್ಟರ್ ತೀರ್ಮಾನ ಮಾಡಲಿ.

ವಾರ್ಡ್ ಸಿಸ್ಟರ್
ಬಾರ್ಲಿ ನೀರು ಕುಡಿಯಲಿ, ಒಳ್ಳೆಯದೇ, ನೀರು ಹೊಟ್ಟೆಗೆ ಹೋಗುತ್ತದಲ್ಲ. ಆದರೆ ಜ್ವರ, ಚಳಿ, ಬೆನ್ನಿನ ಪಕ್ಕೆ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಲ್ಲಿ ಮನೆ ಔಷಧಿ ನೆಚ್ಚಿಕೊಂಡು ದಿನ ಕಳೆಯಬಾರದು.

ಕಲ್ಚರ್‌ಗೆ ಕೊಡುವಾಗ ಮೊದಲು ಬರುವ ಸ್ವಲ್ಪ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ತಡ ಮಾಡದೆ ಲ್ಯಾಬಿಗೆ ಕೊಡಿ. ಸ್ಕೂಟರ್ ಡಿಕ್ಕಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟು ಕೊಟ್ಟರೆ ರಿಪೋರ್ಟ್ ನಂಬುವ ಹಾಗಿರಲ್ಲ.

ಬಯಲುಸೀಮೆ ಮೇಷ್ಟ್ರು
ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಟೀಚರ್ ಡೈರಿಯಲ್ಲಿ ಹಾಗೆ ಬರೆದದ್ದು ತಪ್ಪು, ಒಪ್ಪುತ್ತೇನೆ. ಆದರೆ ನಮ್ಮ ಕಡೆಯದೂ ಕೇಳಿ. ಒಬ್ಬ "ಸರ್ ಒಂದಕ್ಕೆ" ಅಂದರೆ ಹಿಂದೆಯೇ ಐದು ಕೈ ಏಳುತ್ತವೆ. ಪಾಠ ಅಲ್ಲಿಗೇ ನಿಲ್ಲುತ್ತದೆ. ಶೌಚಾಲಯ ಕಟ್ಟಲು ಹಣ ಬರುತ್ತದೆ, ದಿನಾ ತೊಳೆಯುವವರಿಗೆ ಸಂಬಳ ಬರುವುದಿಲ್ಲ. ಬೋರ್‌ವೆಲ್ ಕೈ ಕೊಟ್ಟರೆ ಬಾಗಿಲಿಗೆ ಬೀಗ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು ಅಂತ ಅದರಲ್ಲೇ ಇದೆ. 2012ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟಿತ್ತು. ಕಟ್ಟಡ ಬಂತು, ಚಿಲಕ ಮತ್ತು ನೀರು ಬರಲಿಲ್ಲ.

ರಾಜಾಜಿನಗರ ರಶ್ಮಿ ಅಮ್ಮ
ಮೇಷ್ಟ್ರೇ, ಪಾಠ ನಿಲ್ಲುತ್ತದೆ ಅಂತ ಮಗುವನ್ನು ಬಿಡದೇ ಇರುವುದು ಎಷ್ಟು ಸರಿ? ನಮ್ಮದು ಫೀಸ್ ಕಟ್ಟುವ ಶಾಲೆ. ಅಲ್ಲೂ "ಈಗಷ್ಟೇ ಬ್ರೇಕ್ ಆಯಿತಲ್ಲ, ಕೂತ್ಕೋ" ಅಂತಾರೆ. ನನ್ನ ಮಗ ಬೆಂಚಿನ ಮೇಲೇ ಮಾಡಿಕೊಂಡ. ಇಡೀ ಕ್ಲಾಸು ನಕ್ಕಿತು. ಒಂದು ವಾರ ಶಾಲೆಗೆ ಹೋಗಲ್ಲ ಅಂತ ಹಟ. ದೊಡ್ಡವರು ಮೀಟಿಂಗ್ ನಡುವೆ ಎದ್ದು ಹೋಗಲ್ವಾ? ಮಕ್ಕಳಿಗೆ ಮಾತ್ರ ಯಾಕೆ ಈ ಶಿಕ್ಷೆ?

ಬಯಲುಸೀಮೆ ಮೇಷ್ಟ್ರು
ನಿಮ್ಮ ಸಿಟ್ಟು ನ್ಯಾಯವೇ ಮೇಡಂ. ನಾವು ನಮ್ಮ ಕ್ಲಾಸಿನಲ್ಲಿ ಕೇಳುವುದನ್ನೇ ತೆಗೆದುಹಾಕಿದ್ದೇವೆ. ಬಾಗಿಲ ಹತ್ತಿರ ಮೊಳೆಗೆ ಎರಡು ರಟ್ಟಿನ ಚೀಟಿ ತೂಗುಹಾಕಿದ್ದೇವೆ. ಬೇಕಾದವರು ಒಂದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ವಾಪಸ್ ಹಾಕಬೇಕು. ಎರಡೇ ಚೀಟಿ ಇರುವುದರಿಂದ ಗುಂಪು ಏಳುವುದಿಲ್ಲ. ಕೈ ಎತ್ತಲು ನಾಚುತ್ತಿದ್ದ ಹುಡುಗಿಯರು ಈಗ ಸುಮ್ನೆ ಎದ್ದು ಹೋಗಿ ಬರುತ್ತಾರೆ.

ಶಿರಸಿ ಹುಡುಗಿ
ಇದು ಚೆನ್ನಾಗಿದೆ! 2019ರಲ್ಲಿ ಕೇರಳದಲ್ಲಿ ನೀರಿನ ಗಂಟೆ ಶುರುವಾದಾಗ ನಮ್ಮ ರಾಜ್ಯದಲ್ಲೂ ಮಾತು ಕೇಳಿಬಂದಿತ್ತು. ಗಂಟೆ ಹೊಡೆದು ನೀರು ಕುಡಿಸುವುದು ಸರಿ, ಆದರೆ ಶೌಚಾಲಯ ಸರಿಯಿಲ್ಲದ ಕಡೆ ನೀರು ಕುಡಿಸಿದರೆ ಮಕ್ಕಳು ಎಲ್ಲಿಗೆ ಹೋಗಬೇಕು? ಎರಡೂ ಒಟ್ಟಿಗೆ ಆಗಬೇಕು.

ನಿದ್ದೆಗೆಟ್ಟ ತಾಯಿ
ವಿಷಯ ಸ್ವಲ್ಪ ಬೇರೆ, ಇಲ್ಲೇ ಕೇಳಬಹುದಾ? ಮಗನಿಗೆ ಒಂಬತ್ತು ವರ್ಷ. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಮಾತ್ರ ಹಾಸಿಗೆ ಒದ್ದೆ, ಹುಟ್ಟಿದಾಗಿನಿಂದ ನಿಂತೇ ಇಲ್ಲ. ಎಬ್ಬಿಸಿದರೆ ಎಚ್ಚರವೇ ಆಗುವುದಿಲ್ಲ, ಅಷ್ಟು ಗಾಢ ನಿದ್ದೆ. ಎಳ್ಳು ಬೆಲ್ಲ ಕೊಟ್ಟಾಯಿತು, ದೇವರಿಗೆ ಹರಕೆ ಕಟ್ಟಿಯಾಯಿತು. ಶಾಲೆಯ ಪ್ರವಾಸ ಬಂದಿದೆ, ಜೋಗಕ್ಕೆ, ಒಂದು ರಾತ್ರಿ ಹೊರಗೆ ಮಲಗಬೇಕು. ಹೋಗಲ್ಲ ಅಂತ ಮೂಲೆ ಹಿಡಿದಿದ್ದಾನೆ. ಅವರಪ್ಪನಿಗೂ ಹತ್ತು ವರ್ಷದವರೆಗೆ ಇತ್ತಂತೆ, ಮೊನ್ನೆ ಅತ್ತೆ ಹೇಳಿದರು.

ಹಳೇ ಹುಬ್ಬಳ್ಳಿ
ಅಕ್ಕ, ಪಾಪ ಆ ಹುಡುಗನಿಗೆ ಮೊದಲು ಒಂದು ಮಾತು ಹೇಳಿ: ಅವನ ತಪ್ಪು ಏನೂ ಇಲ್ಲ. ನನಗೆ ಹನ್ನೆರಡು ವರ್ಷದವರೆಗೆ ಇತ್ತು. ಚಾಪೆ ಮೇಲೆ ಒಬ್ಬನನ್ನೇ ಬೇರೆ ಮಲಗಿಸುತ್ತಿದ್ದರು. ಬೆಳಿಗ್ಗೆ ಎಲ್ಲರ ಮುಂದೆ ಗೋಣಿ ಒಣಗಲು ಹಾಕುತ್ತಿದ್ದರು. ಬರೆ ಹಾಕುತ್ತೇನೆ ಅಂತ ಸೌಟು ಕಾಯಿಸಿ ತೋರಿಸಿದ್ದೂ ಉಂಟು. ಹೆದರಿಕೆಗೆ ನಾನು ಮಲಗುತ್ತಲೇ ಇರಲಿಲ್ಲ, ಬೆಳಗಿನ ಜಾವ ಸೋತು ಕಣ್ಣು ಮುಚ್ಚಿದರೆ ಮತ್ತೆ ಅದೇ. ಇವತ್ತು ನನಗೆ ನಲವತ್ತು ದಾಟಿದೆ, ಆ ಗೋಣಿ ಇನ್ನೂ ಮರೆತಿಲ್ಲ.

ಇದು ವಂಶದಲ್ಲಿ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 40ಕ್ಕೂ ಜಾಸ್ತಿ, ಇಬ್ಬರಿಗೂ ಇದ್ದರೆ ಶೇ. 75ರ ಹತ್ತಿರ. ಅವರಪ್ಪ ತಾನೇ ಮಗನ ಹತ್ತಿರ ಕೂತು "ನನಗೂ ಇತ್ತು ಕಣೋ, ಹೋಯ್ತು" ಅಂದರೆ ಹುಡುಗನಿಗೆ ಎಷ್ಟು ಧೈರ್ಯ ಬರುತ್ತದೆ ನೋಡಿ.

ಗೌಡರಮನೆ ಅಜ್ಜ
ಬರೆ ಹಾಕುವುದು ತಪ್ಪು, ಅದನ್ನು ನಾನೂ ಒಪ್ಪುವುದಿಲ್ಲ. ಆದರೆ ಎಳ್ಳು ಬೆಲ್ಲದಿಂದ ನಮ್ಮ ಮನೆಯಲ್ಲಿ ಇಬ್ಬರಿಗೆ ಗುಣವಾಗಿದೆ.

ವಾರ್ಡ್ ಸಿಸ್ಟರ್
ಎಳ್ಳು ಬೆಲ್ಲ ಕೊಡಿ ಅಜ್ಜ, ಮೈಗೆ ಒಳ್ಳೆಯದು. ಆದರೆ ಹಾಸಿಗೆ ಒದ್ದೆ ಮಾಡುವ 100 ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಪ್ರತಿ ವರ್ಷ ಏನೂ ಮಾಡದೆ ನಿಲ್ಲುತ್ತದೆ. ಆ ವರ್ಷ ಏನು ಕೊಟ್ಟಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ.

ನಿದ್ದೆಗೆಟ್ಟ ತಾಯಿ, ಐದು ವರ್ಷದವರೆಗೆ ಇದನ್ನು ತೊಂದರೆ ಅಂತಲೇ ಲೆಕ್ಕ ಹಾಕುವುದಿಲ್ಲ. ಒಂಬತ್ತಾಗಿದೆ, ಹುಡುಗ ನೊಂದುಕೊಂಡಿದ್ದಾನೆ ಅಂದಮೇಲೆ ಚಿಕಿತ್ಸೆ ಮಾಡಿಸಿ. ಎರಡು ದಾರಿ ಇದೆ. ಒಂದು ಅಲಾರಂ. ಚಡ್ಡಿಗೆ ಸಣ್ಣ ಸೆನ್ಸರ್ ಸಿಕ್ಕಿಸುತ್ತಾರೆ, ಒಂದು ಹನಿ ಬಿದ್ದ ಕೂಡಲೇ ಬಡಿದುಕೊಳ್ಳುತ್ತದೆ. ಮೊದಮೊದಲು ಮನೆಯವರೆಲ್ಲ ಏಳುತ್ತಾರೆ, ಅವನೊಬ್ಬ ಏಳುವುದಿಲ್ಲ. ನೀವೇ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಬೇಕು, ಪೂರ್ತಿ ಎಚ್ಚರ ಮಾಡಿಸಿ. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಮೂವರಲ್ಲಿ ಇಬ್ಬರಿಗೆ ನಿಲ್ಲುತ್ತದೆ. ಎರಡನೆಯದು ಡೆಸ್ಮೋಪ್ರೆಸಿನ್ ಮಾತ್ರೆ. ರಾತ್ರಿ ಮೂತ್ರ ಕಮ್ಮಿ ತಯಾರಾಗುತ್ತದೆ. ಪ್ರವಾಸದಂಥ ರಾತ್ರಿಗಳಿಗೆ ಒಳ್ಳೆಯದು, ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಮತ್ತು ಪ್ರವಾಸಕ್ಕೆ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಬೇಕು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ಗುಟುಕಿಗಿಂತ ಜಾಸ್ತಿ ನೀರು ಕುಡಿಯಬಾರದು. ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಬರಬಹುದು. ವಾಂತಿ ಭೇದಿ ಇರುವ ದಿನ ಕೊಡಲೇಬೇಡಿ.

ನಿದ್ದೆಗೆಟ್ಟ ತಾಯಿ
ತುಂಬಾ ಥ್ಯಾಂಕ್ಸ್ ಸಿಸ್ಟರ್. ಹುಬ್ಬಳ್ಳಿ ಅಣ್ಣ, ನಿಮ್ಮ ಮಾತು ಓದಿ ಇವರು ಮಗನ ಹತ್ತಿರ ಹೋಗಿ ಕೂತಿದ್ದಾರೆ. ಒಳಗಿನಿಂದ ಇಬ್ಬರೂ ನಗುವುದು ಕೇಳಿಸುತ್ತಿದೆ.

ರಾಯಚೂರು ಚಿಕ್ಕಮ್ಮ
ನಮ್ಮ ತಂಗಿ ಮಗನಿಗೂ ಇದೇ. ಐದು ವರ್ಷ. ಎರಡು ವರ್ಷದಿಂದ ಹಾಸಿಗೆ ಒಣಗಿರುತ್ತಿತ್ತು, ಈಗ ಮತ್ತೆ ಶುರು. ರಾತ್ರಿ ಎದ್ದು ಎದ್ದು ನೀರು ಕೇಳುತ್ತಾನೆ. ಊಟ ಚೆನ್ನಾಗಿ ಮಾಡಿದರೂ ಸಣ್ಣಗಾಗಿದ್ದಾನೆ. ಅಲಾರಂ ಎಲ್ಲಿ ಸಿಗುತ್ತದೆ?

ವಾರ್ಡ್ ಸಿಸ್ಟರ್
ಅಲಾರಂ ಬಿಡಿ. ಇವತ್ತೇ, ಈಗಲೇ ಸಕ್ಕರೆ ಪರೀಕ್ಷೆ ಮಾಡಿಸಿ. ನಾಳೆ ಅನ್ನಬೇಡಿ. ನಿಂತಿದ್ದು ಮತ್ತೆ ಶುರುವಾಗಿ, ಜೊತೆಗೆ ಬಾಯಾರಿಕೆ, ತೂಕ ಇಳಿಯುವುದು ಅಂದರೆ ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು. ಬೆರಳಿಗೆ ಚುಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇದ್ದರೆ ಸೀದಾ ದೊಡ್ಡ ಆಸ್ಪತ್ರೆಗೆ.

ಮೈಸೂರಿನ ಅಪ್ಪ
ಚಿಕ್ಕಮ್ಮ, ದಯವಿಟ್ಟು ತಂಗಿಗೆ ಈಗಲೇ ಫೋನ್ ಮಾಡಿ.

ರಾಯಚೂರು ಚಿಕ್ಕಮ್ಮ
ಮಾಡಿದೆ. ಹೋಗುತ್ತಿದ್ದಾರೆ.

ಬೆಳಗಾವಿ ಅವ್ವ
ನನ್ನ ಮಗನದು ಇದೆಲ್ಲಕ್ಕಿಂತ ಬೇರೆ. ಹುಟ್ಟುವಾಗಲೇ ಬೆನ್ನುಹುರಿ ಪೂರ್ತಿ ಮುಚ್ಚಿರಲಿಲ್ಲ, ಸ್ಪೈನಾ ಬೈಫಿಡಾ. ಮೂತ್ರಕೋಶಕ್ಕೆ ಹೋಗುವ ನರ ಕೆಲಸ ಮಾಡುವುದಿಲ್ಲ. ಅವನಿಗೆ ಬಂದದ್ದೇ ಗೊತ್ತಾಗುವುದಿಲ್ಲ, ತಾನಾಗಿ ಖಾಲಿಯೂ ಆಗುವುದಿಲ್ಲ. ತುಂಬಿದ ಒತ್ತಡ ಕಿಡ್ನಿಗೆ ಹೊಡೆಯುತ್ತದೆ. ಹಾಗಾಗಿ ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಖಾಲಿ ಮಾಡಬೇಕು, ತೆಗೆದುಬಿಡಬೇಕು. ಸಿಐಸಿ ಅನ್ನುತ್ತಾರೆ. ಕೈ ಸ್ವಚ್ಛವಾಗಿ ತೊಳೆದುಕೊಂಡರೆ ಸಾಕು, ಆಪರೇಷನ್ ಥಿಯೇಟರಿನಷ್ಟು ಶುದ್ಧ ಬೇಕಾಗಿಲ್ಲ ಅಂತ 1972ರಲ್ಲಿ ಅಮೆರಿಕದ ಡಾಕ್ಟರ್ ಜಾಕ್ ಲ್ಯಾಪಿಡೆಸ್ ತೋರಿಸಿಕೊಟ್ಟರು. ಎಷ್ಟೋ ಮಕ್ಕಳ ಕಿಡ್ನಿ ಅದರಿಂದ ಉಳಿದಿದೆ.

ಮೊದಲು ನಾನು ಶಾಲೆಗೆ ಹೋಗಿ ಮಾಡಿ ಬರುತ್ತಿದ್ದೆ. ಈಗ ಅವನೇ ಮಾಡಿಕೊಳ್ಳುತ್ತಾನೆ, ಹತ್ತು ವರ್ಷ ಅವನಿಗೆ. ಬೇಕಾದದ್ದು ಏನು ಗೊತ್ತಾ? ಒಂದು ಚಿಲಕ ಇರುವ ಕೋಣೆ, ಒಂದು ನಲ್ಲಿ, ಸೋಪು. ಅಷ್ಟಕ್ಕೆ ನಾಲ್ಕು ಶಾಲೆ ಅಲೆದಿದ್ದೇನೆ. ಒಂದು ಕಡೆ "ಇಂಥ ಮಕ್ಕಳನ್ನು ನಾವು ನೋಡಿಕೊಳ್ಳಲು ಆಗಲ್ಲ" ಅಂದರು. ಈಗಿರುವ ಸರ್ಕಾರಿ ಶಾಲೆಯ ಹೆಡ್‌ಮೇಡಂ ತಮ್ಮ ಸ್ಟಾಫ್ ಬಚ್ಚಲಿನ ಕೀಲಿಯನ್ನೇ ಅವನ ಕೈಗೆ ಕೊಟ್ಟಿದ್ದಾರೆ. ಅವರಿಗೆ ನೂರು ವರ್ಷ ಆಯುಸ್ಸು ಕೊಡಲಿ ದೇವರು.

ಇಂಥ ಮಗು ಇರುವವರು ರಬ್ಬರ್ ನಳಿಕೆ ಬಳಸಬೇಡಿ, ಲೇಟೆಕ್ಸ್ ಅಲರ್ಜಿ ಈ ಮಕ್ಕಳಿಗೆ ಜಾಸ್ತಿ. ಪ್ಲಾಸ್ಟಿಕ್ಕೋ ಸಿಲಿಕೋನೋ ಕೇಳಿ ತೆಗೆದುಕೊಳ್ಳಿ.

ಶಿರಸಿ ಹುಡುಗಿ
ಅವ್ವ, ಓದಿ ಕಣ್ಣು ತುಂಬಿತು. ಖರ್ಚು ಹೇಗೆ ನಿಭಾಯಿಸುತ್ತೀರಿ?

ಬೆಳಗಾವಿ ಅವ್ವ
ಆರ್‌ಬಿಎಸ್‌ಕೆ ಅಂತ ಇದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಿಂದ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಡಾಕ್ಟರ ತಂಡ ಬಂದು ಮಕ್ಕಳನ್ನು ನೋಡುತ್ತದೆ, 18 ವರ್ಷದವರೆಗೆ. ಬೆನ್ನುಹುರಿಯ ದೋಷವೂ ಅದರ ಪಟ್ಟಿಯಲ್ಲಿದೆ. ಅಲ್ಲಿಂದ ಬರೆಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ಬೆಂಗಳೂರಿಗೆ ಹೋಗುವವರಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸರ್ಕಾರಿ.

ಮದುವೆಯಾದ ಹೆಣ್ಣುಮಕ್ಕಳು ಇದ್ದರೆ ಓದಿ: ಬಸಿರು ನಿಲ್ಲುವ ಮೊದಲಿಂದಲೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳಿ. ಬಸಿರಿ ಅಂತ ಗೊತ್ತಾಗುವ ಹೊತ್ತಿಗೆ ಮಗುವಿನ ಬೆನ್ನುಹುರಿ ಮುಚ್ಚುವ ಸಮಯ ಮುಗಿದಿರುತ್ತದೆ. ನನಗೆ ಯಾರೂ ಹೇಳಿರಲಿಲ್ಲ.

ಲಂಡನ್ ಕನ್ನಡತಿ
ಇಲ್ಲಿ ನನ್ನ ಮಗಳಿಗೆ ಶಾಲೆಯಿಂದ ಒಂದು ಟಾಯ್ಲೆಟ್ ಕಾರ್ಡ್ ಕೊಟ್ಟಿದ್ದಾರೆ. ತೋರಿಸಿದರೆ ಪ್ರಶ್ನೆ ಇಲ್ಲದೆ ಬಿಡಬೇಕು. ಮೇಷ್ಟ್ರ ರಟ್ಟಿನ ಚೀಟಿ ಇದಕ್ಕಿಂತ ಒಳ್ಳೆಯದು ಅನ್ನಿಸಿತು, ಒಂದೇ ಮಗುವಿನ ಕಡೆ ಎಲ್ಲರೂ ಬೆರಳು ತೋರಿಸುವುದು ತಪ್ಪುತ್ತದೆ.

ಚಿತ್ರದುರ್ಗ ಕೋಟೆ
ನನ್ನ ಮಗನಿಗೆ ಎರಡೂವರೆ ವರ್ಷ. ಹೊಯ್ಯುವಾಗ ಮುಕ್ಕಿ ಮುಕ್ಕಿ ಹೊಯ್ಯುತ್ತಾನೆ, ಧಾರೆ ಇಲ್ಲ, ಹನಿ ಹನಿ. ತೊಗಲು ಹಿಂದೆ ಸರಿಯಲ್ಲ, ಅದಕ್ಕೇ ಇರಬೇಕು ಅಂತ ಅಮ್ಮ ಎಣ್ಣೆ ಹಚ್ಚಿ ಎಳೆಯುತ್ತಾರೆ.

ವಾರ್ಡ್ ಸಿಸ್ಟರ್
ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಈ ವಯಸ್ಸಿನಲ್ಲಿ ತೊಗಲು ಸರಿಯದೇ ಇರುವುದು ಸಹಜ. ಬಲವಂತವಾಗಿ ಎಳೆದರೆ ಸೀಳಿ ಗಾಯವಾಗಿ ನಿಜವಾಗಿಯೇ ಅಂಟಿಕೊಳ್ಳುತ್ತದೆ. ಆದರೆ ಗಂಡು ಮಗು ಮುಕ್ಕಿ ಹೊಯ್ಯುವುದು, ಧಾರೆ ಇಲ್ಲದೇ ಇರುವುದು ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ. ಮೂತ್ರನಾಳದ ಒಳಗೆ ಹುಟ್ಟಿನಿಂದಲೇ ಪೊರೆ ಅಡ್ಡ ಇರಬಹುದು, ವಾಲ್ವ್ ಅನ್ನುತ್ತಾರೆ. ಮೂತ್ರಕೋಶ ದಪ್ಪಗಾಗಿ ಕಿಡ್ನಿಗೂ ಏಟು ಬೀಳುತ್ತದೆ. ಹೊಯ್ಯುವಾಗ ಫೋನಿನಲ್ಲಿ ಒಂದು ವಿಡಿಯೊ ಮಾಡಿಕೊಂಡು ಈ ವಾರವೇ ಮಕ್ಕಳ ಸರ್ಜನ್‌ಗೆ ತೋರಿಸಿ. ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಆ ವಿಡಿಯೊ ಕಳಿಸಬೇಡಿ.

ರಾಯಚೂರು ಚಿಕ್ಕಮ್ಮ
ಸಿಸ್ಟರ್, ನೀವು ಹೇಳಿದ್ದೇ ಆಯಿತು. ಸಕ್ಕರೆ ನಾನ್ನೂರು ದಾಟಿತ್ತು. ಅಡ್ಮಿಟ್ ಮಾಡಿ ಇನ್ಸುಲಿನ್ ಶುರು ಮಾಡಿದ್ದಾರೆ. ಸಮಯಕ್ಕೆ ತಂದಿರಿ ಅಂದರಂತೆ. ತಂಗಿ ಅಳುತ್ತಿದ್ದಾಳೆ, ಮಗು ಆಟ ಆಡುತ್ತಿದೆ. ನಿಮ್ಮ ಕಾಲಿಗೆ ಬೀಳಬೇಕು.

ವಾರ್ಡ್ ಸಿಸ್ಟರ್
ಅಯ್ಯೋ ಬೇಡ ಅಕ್ಕ. ಮಗು ಚೆನ್ನಾಗಿರಲಿ. ಇನ್ಸುಲಿನ್ ಮಾತ್ರ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ ಅಂತ ತಂಗಿಗೆ ಹೇಳಿ.

ಹಾಸನದ ಅಮ್ಮ
ಎಲ್ಲರ ಮಾತೂ ಓದಿದೆ. ಡಾಕ್ಟರ್ ನೋಟ್ ಪುಸ್ತಕ ನೋಡಿ, ಹೊಟ್ಟೆ ಮುಟ್ಟಿ, ಎಡಗಡೆ ಮಲ ಗಟ್ಟಿಯಾಗಿ ಕೈಗೇ ಸಿಗುತ್ತದೆ ಅಂದರು. ಬೆನ್ನು, ಕಾಲು ಎಲ್ಲ ನೋಡಿದರು. ಕಲ್ಚರ್ ಕೊಟ್ಟೆವು, ಸೋಂಕು ಇತ್ತು, ಔಷಧಿ ಆಯಿತು. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿ ಚೆನ್ನಾಗಿದೆ, ಹೊಯ್ದ ಮೇಲೂ ಸ್ವಲ್ಪ ಉಳಿಯುತ್ತದೆ. ಹೊಟ್ಟೆಗೆ ಪುಡಿ ಕೊಟ್ಟಿದ್ದಾರೆ. ಬೆಂಗಳೂರು ಸದ್ಯಕ್ಕೆ ಬೇಡ ಅಂದರು. ಒದ್ದೆ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಒಂದು ದಿನ ಚೆನ್ನಾಗಿದ್ದರೆ ಮರುದಿನ ಮತ್ತೆ. ಇನ್ನೂ ತಿಂಗಳು ಹಿಡಿಯುತ್ತದಂತೆ.

ಶಾಲೆಗೆ ಡಾಕ್ಟರ್ ಚೀಟಿ ಜೊತೆ ಒಂದು ಪತ್ರ ಕೊಟ್ಟೆ. ಚಿಲಕ ಹಾಕಿಸಿದ್ದಾರೆ. ನೀರಿನ ವಿಷಯ ನೋಡೋಣ ಅಂದಿದ್ದಾರೆ.

ರಾಜಾಜಿನಗರ ರಶ್ಮಿ ಅಮ್ಮ
ಪತ್ರದಲ್ಲಿ ಏನು ಬರೆದಿರಿ? ಇಲ್ಲೇ ಹಾಕಿ, ನಮಗೂ ಬೇಕು.

ಹಾಸನದ ಅಮ್ಮ
"ಮಾನ್ಯರೇ, ನನ್ನ ಮಗಳಿಗೆ ಮೂತ್ರ ತಡೆದುಕೊಂಡು ಸೋಂಕಾಗಿದೆ. ವೈದ್ಯರ ಚೀಟಿ ಲಗತ್ತಿಸಿದೆ. ಎರಡು ಗಂಟೆಗೊಮ್ಮೆ ಹಾಗೂ ಅವಳು ಕೇಳಿದಾಗಲೆಲ್ಲ ಶೌಚಾಲಯಕ್ಕೆ ಕಳಿಸಬೇಕು. ನೀರು ಕುಡಿಯಲು ಬಿಡಬೇಕು. ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ ಇಟ್ಟಿದ್ದೇನೆ, ಒದ್ದೆಯಾದರೆ ಯಾರ ಮುಂದೆಯೂ ಹೇಳದೆ ಬದಲಾಯಿಸಿಕೊಳ್ಳಲು ಬಿಡಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಮತ್ತು ನೀರು ಬೇಕು. ಇದು ನನ್ನ ಮಗಳೊಬ್ಬಳ ವಿಷಯ ಅಲ್ಲ."

ಬಯಲುಸೀಮೆ ಮೇಷ್ಟ್ರು
ಪತ್ರ ಚೆನ್ನಾಗಿದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಂಡು ನೀವೇ ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದು ಕೊಡಿ. ಚಿಲಕಕ್ಕೆ ಶಾಲೆ ಅನುದಾನದಲ್ಲೇ ದುಡ್ಡು ತೆಗೆಯಬಹುದು. ನೀರಿಗೆ ಮಾತ್ರ ಪಂಚಾಯ್ತಿ ಕಡೆಯಿಂದ ಆಗಬೇಕು, ಅಲ್ಲಿಗೆ ಒಬ್ಬರೇ ಹೋಗಬೇಡಿ, ನಾಲ್ಕೈದು ತಾಯಂದಿರು ಸೇರಿ ಹೋಗಿ.

ರಾಜಾಜಿನಗರ ರಶ್ಮಿ ಅಮ್ಮ
ನಮ್ಮದು ಖಾಸಗಿ ಶಾಲೆ, ಪಂಚಾಯ್ತಿ ಇಲ್ಲ. ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ಈ ಪತ್ರವನ್ನೇ ಪ್ರಿಂಟ್ ತೆಗೆದು ಹತ್ತು ಜನರ ಸಹಿ ಹಾಕಿಸುತ್ತೇನೆ. ರಟ್ಟಿನ ಚೀಟಿ ವಿಷಯವನ್ನೂ ಸೇರಿಸುತ್ತಿದ್ದೇನೆ ಮೇಷ್ಟ್ರೇ.